ಬ್ರಾಕೆಟ್ಟಿನಲ್ಲಿ ಹುಟ್ಟಿದ ಗೌಡ

ಹಾರೆ ತಗುಲಿ ಕಲ್ಲಿನಿಂದ ಚಕ್ಕೆ ಎದ್ದುಹೋದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಪಂಕ್ತಿಯಲ್ಲಿ ಯಾರೋ ಹಪ್ಪಳ ಮುರಿದ ಹಾಗೆ, ಟಕ್, ಅಷ್ಟೆ. ಹಿಂದೆಯೇ ಕೆರೆಯ ಜೊಂಡಿನೊಳಗೆ ಏನೋ ಬಿದ್ದ ಸಣ್ಣ ಸದ್ದು. ಹಾರೆ ಹಿಡಿದಿದ್ದ ಆಳುಗಳು ಕೈ ನಿಲ್ಲಿಸಿ ನಮ್ಮ ಕ್ಯುರೇಟರ್ ಶೇಷಾದ್ರಿ ಸಾರ್ ಕಡೆ ನೋಡಿದರು. ಸಾರ್ ವಾಚು ನೋಡಿಕೊಂಡರು. ನಾನು ಏರಿಯಿಂದ ಇಳಿದು ಜೊಂಡಿನಲ್ಲಿ ಕೈಯಾಡಿಸಿದೆ. ಎರಡು ನಿಮಿಷ ಆಗಿರಬಹುದು. ಹೋಗಲಿ ಬಿಡಮ್ಮ, ಲಾರಿಯವನಿಗೆ ಹೊತ್ತಾಗುತ್ತೆ ಅಂದರು ಸಾರ್.

ನಾನು ಆ ಕೆಲಸಕ್ಕೆ ಸೇರಿ ಆಗ ಮೂರು ತಿಂಗಳು.

ಈಗ ಈ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಮನೆಗೆ ಬಂದು, ಮೇಡಂ ನಿಮ್ಮ ಎಕ್ಸ್‌ಪೀರಿಯನ್ಸ್ ಬರೀರಿ ಅನ್ನುತ್ತಾರೆ. ಬರೆಯುತ್ತೇನೆ. ಆದರೆ ಪ್ರಮೋಷನ್ನು, ಶಾಲು, ಬೀಳ್ಕೊಡುಗೆಯ ಫೋಟೋ ಇವುಗಳಲ್ಲಿ ನನಗೆ ಆಸಕ್ತಿಯಿಲ್ಲ. ಒಂದು ಊರನ್ನು ಕಟ್ಟಿದವಳ ಹೆಸರನ್ನು ಆ ಊರಿನ ಮ್ಯೂಸಿಯಮ್ಮೇ ಹೇಗೆ ಅಳಿಸಿತು ಅನ್ನುವುದನ್ನು ಬರೆಯುತ್ತೇನೆ. ಅದರಲ್ಲಿ ನನ್ನ ಕೈಯೂ ಇತ್ತು.

ಊರು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟದ ಕಡೆಗೆ ಬರುವ ದಾರಿಯಲ್ಲಿದೆ. ಹೆಸರು ಹಾಕುವುದಿಲ್ಲ. ಹಾಕಿದರೆ ಅಲ್ಲಿನ ಕಮಿಟಿಯವರು ನಾಳೆ ಬೆಳಿಗ್ಗೆ ನನ್ನ ಬಾಗಿಲಲ್ಲಿ ಇರುತ್ತಾರೆ, ನನಗೆ ಈಗ ಜಗಳಕ್ಕೆ ಮೊದಲಿನಷ್ಟು ಉಸಿರಿಲ್ಲ. ಹಳೇ ಮುಸಾಫಿರಖಾನೆಯ ಕಟ್ಟಡದಲ್ಲಿ ಮ್ಯೂಸಿಯಂ. ನಾನು ಶಿಡ್ಲಘಟ್ಟದ ಒಬ್ಬ ರೇಷ್ಮೆ ರೀಲರ್ ಮಗಳು. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಕಾನ್ವೆಂಟಿನಲ್ಲಿ ಇಂಗ್ಲಿಷ್. ಕನ್ನಡ ನಾಲ್ಕನೆಯದಾಗಿ ಬಂದು ಮೊದಲನೆಯ ಜಾಗದಲ್ಲಿ ಕೂತುಕೊಂಡಿತು. ಹಳಗನ್ನಡದಲ್ಲಿ ಎಂ.ಎ. ಮಾಡಿದೆ. ಇಂಟರ್‌ವ್ಯೂನಲ್ಲಿ ಒಬ್ಬರು ಬಹಳ ಪ್ರೀತಿಯಿಂದಲೇ ಕೇಳಿದರು, ಸಾಬರ ಹುಡುಗಿಗೆ ಶಾಸನ ಯಾಕಮ್ಮಾ ಅಂತ. ನಾನು ನಕ್ಕೆ. ಆ ನಗುವಿನಿಂದಲೇ ಕೆಲಸ ಸಿಕ್ಕಿತು ಅನ್ನಿಸುತ್ತದೆ. ನಗಬಾರದಿತ್ತು.

ಕಲ್ಲಿನ ವಿಷಯಕ್ಕೆ ಬರುತ್ತೇನೆ. ಮ್ಯೂಸಿಯಂ ಉದ್ಘಾಟನೆಗೆ ಮಂತ್ರಿಗಳು ಬರುವವರಿದ್ದರು. ಒಳಗೆ ಇದ್ದದ್ದು ನಾಲ್ಕು ಕತ್ತಿ, ಒಂದು ತೊಟ್ಟಿಲು, ಎರಡು ತಾಮ್ರದ ಹಂಡೆ, ಮತ್ತು ನಂದಿಯ ಕಡೆಯಿಂದ ಒಬ್ಬ ಮಹನೀಯರು ತಂದುಕೊಟ್ಟ ಡೈನೋಸಾರ್ ಮೊಟ್ಟೆ. ಅದು ರುಬ್ಬುವ ಗುಂಡು. ಅಡುಗೆಮನೆ ಕಂಡ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಿದ್ದಳು, ನಾನೂ ಹೇಳಿದೆ. ಸಾರ್ ರಿಜಿಸ್ಟರಿನಲ್ಲಿ ‘ಪಳೆಯುಳಿಕೆ’ ಅಂತ ಬರೆದು, ನನ್ನ ಸಮಾಧಾನಕ್ಕೆ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಊರು ಯಾವಾಗ ಹುಟ್ಟಿತು, ಯಾರು ಮೊದಲು ಬಂದು ನೆಲೆಸಿದರು ಅನ್ನುವುದನ್ನು ಹೇಳುವ ವಸ್ತು ಒಂದೂ ಇರಲಿಲ್ಲ. ಅದಕ್ಕೇ ಕೆರೆಯ ಏರಿಯ ಮೇಲಿನ ಕಲ್ಲು ಬೇಕಾಯಿತು.

ಕಲ್ಲು ನೀರುಗಂಟಿಗಳ ಹಟ್ಟಿಯವರದು. ನೀರುಗಂಟಿ ಅಂದರೆ ಕೆರೆಯ ತೂಬು ತೆಗೆದು ಮುಚ್ಚಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವನು. ಊರಿಗೆಲ್ಲ ನೀರು ಹಂಚುವ ಆ ಜನ ಊರಿನ ಬಾವಿಯ ಕಟ್ಟೆ ಹತ್ತುವ ಹಾಗಿರಲಿಲ್ಲ. ನಾವು ಹೋದಾಗ ನೀರುಗಂಟಿ ಮುನಿಯಪ್ಪ ಕೈಕಟ್ಟಿ ನಿಂತಿದ್ದರು. ಮಾತಾಡಿದ್ದು ಅವರ ಹೆಂಡತಿ ನಾರಾಯಣಮ್ಮ. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಆ ಕಲ್ಲಿನಲ್ಲಿ ಇರುವುದು ತಮ್ಮ ಮಾರಕ್ಕ, ಈ ಕೆರೆ ಕಟ್ಟಿಸಿ ತೂಬು ಇಟ್ಟು ಊರು ಮಾಡಿದವಳು ಅವಳೇ ಅಂದರು. ಪ್ರತಿ ವರ್ಷ ಮೊದಲ ಸಲ ತೂಬು ತೆಗೆಯುವ ದಿನ ಅವಳಿಗೆ ಅರಿಶಿನ ಕುಂಕುಮ ಹಚ್ಚಬೇಕು, ನೀರಿಗಿಳಿದವನು ‘ಮಾರಕ್ಕಾ, ಬಿಡ್ತಾ ಇದೀನಮ್ಮಾ’ ಅಂತ ಕೂಗಿ ಹೇಳಿಯೇ ತೂಬಿನ ಗೂಟ ಎತ್ತಬೇಕು. ಆ ದಿನ ನಮ್ಮನ್ನು ಮ್ಯೂಸಿಯಂ ಒಳಗೆ ಬಿಡಬೇಕು, ಬೋರ್ಡಿನ ಮೇಲೆ ಅವಳ ಹೆಸರು ಹಾಕಬೇಕು, ಹಾಗಾದರೆ ತಗೊಂಡು ಹೋಗಿ ಅಂದರು.

ಶೇಷಾದ್ರಿ ಸಾರ್ ಆಗಲಿ ಆಗಲಿ ಅಂತ ತಲೆಯಾಡಿಸಿದರು. ನಾನೂ ಆಡಿಸಿದೆ. ನಾರಾಯಣಮ್ಮ ನನ್ನ ಹೆಸರು ಕೇಳಿದರು. ನೂರ್ ಅಂದೆ. ನಕ್ಕು, ‘ನೂರಮ್ಮಾ? ಇನ್ನೂರು ಮುನ್ನೂರೂ ಇದಾರಾ ಮನೇಲಿ?’ ಅಂದರು. ಅಂದಿನಿಂದ ಆ ಹಟ್ಟಿಗೆ ನಾನು ನೂರಮ್ಮ.

ನಮ್ಮ ಕಸುಬಿನ ಮೊದಲ ನಿಯಮ, ಕಲ್ಲನ್ನು ಅಲುಗಿಸುವ ಮುಂಚೆ ಅಚ್ಚು ತೆಗೆಯಬೇಕು. ಕಲ್ಲು ತೊಳೆದು, ಒದ್ದೆ ಕಾಗದ ಹರಡಿ, ಗಟ್ಟಿ ಬ್ರಷ್ಷಿನಿಂದ ಬಡಿದು ಬಡಿದು ಕಾಗದವನ್ನು ಅಕ್ಷರದ ಗುಳಿಗೆ ಇಳಿಸಬೇಕು. ಆಮೇಲೆ ಮಸಿ. ಅರ್ಧ ದಿನ ಸಾಕು. ಆ ಅರ್ಧ ದಿನವನ್ನು ನಾವು ಮಂತ್ರಿಗಳಿಗೆ ಕೊಟ್ಟೆವು. ಕಿತ್ತು ತಂದು, ಮ್ಯೂಸಿಯಂ ಅಂಗಳದಲ್ಲಿ ಮಲಗಿಸಿ, ಆಮೇಲೆ ಅಚ್ಚು ತೆಗೆದೆವು. ಹೆಸರಿನ ಜಾಗದಲ್ಲಿ ‘ಮಾರ’ ಅಂತ ಇತ್ತು. ಮುಂದಿನದು ಜೊಂಡಿನಲ್ಲಿ ಬಿದ್ದಿತ್ತು. ಆಮೇಲೆ ಕೆರೆಯ ಕಟ್ಟಿಸಿ ತೂಬನಿಕ್ಕಿಸಿ ಊರ ಮಾಡಿದ, ಅಲ್ಲಿಗೆ ಸಾಲಿನ ಕೊನೆ ಎಂದೋ ಸವೆದುಹೋಗಿತ್ತು. ಮಾಡಿದನೋ ಮಾಡಿದಳೋ ತಿಳಿಯುತ್ತಿರಲಿಲ್ಲ.

ಸಾರ್ ಕನ್ನಡಕ ಸರಿಮಾಡಿಕೊಂಡು ‘ಗೌಡ’ ಅಂದರು. ಊರು ಮಾಡಿದವನು ಗೌಡನಲ್ಲದೆ ಇನ್ಯಾರು?

ಸಾರ್, ಆ ನೀರುಗಂಟಿಗಳು ಮಾರಕ್ಕ ಅಂದರಲ್ಲ ಅಂದೆ. ಹಟ್ಟಿಯ ಮಾತು ಎವಿಡೆನ್ಸ್ ಅಲ್ಲ ಅಂದರು. ಜಾಗ ಒಂದೇ ಅಕ್ಷರದಷ್ಟಿದೆ, ಗೌಡ ಎರಡಕ್ಷರ ಅಂದೆ. ಒತ್ತಿ ಬರೆದಿರಬಹುದು ಅಂದರು. ನಿಜ ಹೇಳುತ್ತೇನೆ, ಹಟ್ಟಿಯ ಮಾತು ಎವಿಡೆನ್ಸ್ ಅಲ್ಲ ಅಂತ ನಾನೂ ನಂಬಿದ್ದೆ. ನಮಗೆ ಪಾಠ ಮಾಡಿದ ಪ್ರೊಫೆಸರುಗಳೂ ಹಾಗೇ ಹೇಳಿದ್ದರು, ಪರೀಕ್ಷೆಯಲ್ಲಿ ಹಾಗೇ ಬರೆದು ಫಸ್ಟ್ ಕ್ಲಾಸ್ ತೆಗೆದುಕೊಂಡಿದ್ದೆ.

ಆದರೂ ಒಂದು ಕೆಲಸ ಮಾಡಿದೆ. ಶಾಸನ ಓದುವವರಲ್ಲಿ ಒಂದು ಪದ್ಧತಿಯಿದೆ. ಕಲ್ಲಿನ ಮೇಲೆ ಇಲ್ಲದ ಅಕ್ಷರವನ್ನು ನಾವು ಊಹಿಸಿ ಸೇರಿಸಿದರೆ ಅದನ್ನು ಚೌಕ ಬ್ರಾಕೆಟ್ಟಿನೊಳಗೆ ಹಾಕಬೇಕು. ಇದು ನಮ್ಮ ಊಹೆ, ಕಲ್ಲಿನದಲ್ಲ ಅಂತ ಓದುಗರಿಗೆ ಕೊಡುವ ಎಚ್ಚರಿಕೆ. ಬೋರ್ಡಿಗೆ ಬರೆದುಕೊಟ್ಟ ಚೀಟಿಯಲ್ಲಿ ನಾನು ‘ಮಾರ[ಗೌಡ]’ ಅಂತ ಬರೆದೆ. ಕಾನ್ವೆಂಟಿನಲ್ಲಿ ನಮ್ಮ ಗ್ರಾಮರ್ ಸಿಸ್ಟರ್ ಹೇಳುತ್ತಿದ್ದರು, ಬ್ರಾಕೆಟ್ಟಿನೊಳಗಿನದನ್ನು ಎತ್ತಿಬಿಟ್ಟರೂ ಸೆಂಟೆನ್ಸು ತನ್ನ ಕಾಲ ಮೇಲೆ ನಿಂತಿರಬೇಕು ಅಂತ. ನನ್ನ ಆತ್ಮಸಾಕ್ಷಿಗೆ ಅಷ್ಟು ಸಾಕಾಗಿತ್ತು. ಎರಡು ಗೀಟು ಎಳೆದು ನಿದ್ದೆ ಮಾಡಿದೆ.

ಬೋರ್ಡು ಬರೆದದ್ದು ಪೇಂಟರ್ ಗಫಾರ್ ಭಾಯ್, ರೇಷ್ಮೆ ಗೂಡಿನ ಮಾರುಕಟ್ಟೆಯ ಬೋರ್ಡುಗಳನ್ನೆಲ್ಲ ಬರೆಯುತ್ತಿದ್ದವರು. ಅಕ್ಷರ ಮುತ್ತಿನ ಹಾಗೆ. ಉದ್ಘಾಟನೆಯ ಬೆಳಿಗ್ಗೆ ನೋಡಿದರೆ ‘ಮಾರಗೌಡ’, ಹಳದಿ ಅಕ್ಷರಕ್ಕೆ ಕೆಂಪು ನೆರಳು ಕೊಟ್ಟು, ಬ್ರಾಕೆಟ್ಟಿಲ್ಲದೆ ಕೂತಿದ್ದಾನೆ. ಭಾಯ್, ಬ್ರಾಕೆಟ್ ಎಲ್ಲಿ ಅಂದೆ.

‘ಹಾಕಿ ನೋಡ್ದೆ ಆಪಾ. ಗೌಡನ್ನ ಜೈಲಿಗೆ ಹಾಕ್ದಂಗೆ ಕಾಣ್ತಿತ್ತು. ಮಂತ್ರಿಗಳು ಬರೋ ದಿನ ಯಾಕೆ ಅಂತ ಅಳಿಸ್ಬಿಟ್ಟೆ.’

ಸಾರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಮತ್ತೆ. ಮಂತ್ರಿಗಳು ಬಂದರು, ಬೋರ್ಡನ್ನು ಜೋರಾಗಿ ಓದಿದರು, ಮಾರಗೌಡರಂಥ ಮಹಾನುಭಾವರು ಅಂತ ಭಾಷಣ ಮಾಡಿದರು. ಒಂದು ಗಂಟೆಯೊಳಗೆ ಆ ಊರಿಗೆ ಒಬ್ಬ ತಂದೆ ಹುಟ್ಟಿದ್ದ. ಹಿಂದಿನ ಸಾಲಿನಲ್ಲಿ ಮುನಿಯಪ್ಪ, ನಾರಾಯಣಮ್ಮ ನಿಂತಿದ್ದರು. ಅವರಿಬ್ಬರಿಗೂ ಓದು ಬರುತ್ತಿರಲಿಲ್ಲ. ಮೈಕು ಗೊರಗೊರ ಅನ್ನುತ್ತಿತ್ತು. ಭಾಷಣ ಮುಗಿದ ಮೇಲೆ ನಾರಾಯಣಮ್ಮ ನನ್ನ ಹತ್ತಿರ ಬಂದು, ಅವರು ಗೌಡ ಗೌಡ ಅಂದದ್ದು ಯಾರನ್ನಮ್ಮಾ ಅಂತ ಕೇಳಿದರು. ಬೋರ್ಡು ಸರಿಮಾಡಿಸುತ್ತೇನೆ ಅಂದೆ. ಮುಂದಿನ ಇಪ್ಪತ್ತು ವರ್ಷ ಅವರಿಗೆ ಅದನ್ನೇ ಹೇಳುತ್ತಾ ಬಂದೆ.

ಹೇಳಿ ಸುಮ್ಮನಿದ್ದೆ ಅಂದುಕೊಳ್ಳಬೇಡಿ. ನೋಟ್ ಬರೆದೆ. ಶೇಷಾದ್ರಿ ಸಾರ್ ಹೋಗಿ ಇನ್ನೊಬ್ಬರು ಬಂದರು, ಅವರಿಗೂ ಬರೆದೆ. ನನಗಿಂತ ಮೇಲಿದ್ದವರಲ್ಲಿ ಕೆಟ್ಟವರು ಕಡಮೆ, ಅದು ಹೇಳಲೇಬೇಕು. ಮಕ್ಕಳ ಫೀಸಿನ ಚಿಂತೆ, ಟ್ರಾನ್ಸ್‌ಫರ್ ಚಿಂತೆ ಇದ್ದ ಸಾಧಾರಣ ಜನ. ಒಂದು ಅಕ್ಷರಕ್ಕಾಗಿ ಯಾಕೆ ತಲೆನೋವು ಅನ್ನುತ್ತಿದ್ದರು. ಅಷ್ಟರಲ್ಲಿ ಆ ಅಕ್ಷರ ಮ್ಯೂಸಿಯಂ ಬಿಟ್ಟು ಹೊರಗೆ ನಡೆದುಹೋಗಿತ್ತು. ಬಸ್ ಸ್ಟ್ಯಾಂಡಿಗೆ ಮಾರಗೌಡ ಹೆಬ್ಬಾಗಿಲು ಬಂತು. ಅವನ ಹೆಸರಲ್ಲಿ ಕಮಿಟಿ ಬಂತು, ಅಧ್ಯಕ್ಷರು ಬಂದರು. ಅವರ ಜಾತಿ ಬರೆಯುವುದಿಲ್ಲ. ಗೌಡ ಅನ್ನುವುದು ಆ ಶಾಸನದ ಕಾಲಕ್ಕೆ ಊರ ಯಜಮಾನಿಕೆಯ ಹೆಸರು, ಆದರೂ ಮೂರು ಜಾತಿಯವರು ಅವನು ನಮ್ಮವನು ಅಂತ ಹೊಡೆದಾಡಿದರು. ಆಮೇಲೆ ಜಯಂತಿ ಶುರುವಾಯಿತು. ಹುಟ್ಟದೇ ಇದ್ದವನಿಗೆ ಹುಟ್ಟುಹಬ್ಬ, ಮಕ್ಕಳಿಗೆ ಲಾಡು. ಪ್ರತಿಮೆ ಮಾಡುವ ಶಿಲ್ಪಿ ನನ್ನ ಹತ್ತಿರ ಬಂದು, ಮೇಡಂ, ಗೌಡರ ರೆಫರೆನ್ಸ್ ಫೋಟೋ ಇದ್ದರೆ ಕೊಡಿ ಅಂದ. ಇಲ್ಲ ಅಂದೆ. ಮೀಸೆ ಎಷ್ಟು ಉದ್ದ ಇರಬಹುದು ಅಂದ. ನಿಮ್ಮ ಅಧ್ಯಕ್ಷರದು ಎಷ್ಟುದ್ದ ಇದೆಯೋ ಅಷ್ಟೇ ಇಡಿ ಅಂದೆ. ಪುಣ್ಯಾತ್ಮ ಹಾಗೇ ಮಾಡಿದ. ಈಗಲೂ ಕುದುರೆಯ ಮೇಲೆ ಕೂತಿದೆ ಆ ಮೀಸೆ.

ಚಕ್ಕೆ ಸಿಕ್ಕಿದ್ದು ಮುನಿಯಪ್ಪ ತೀರಿಕೊಂಡ ವರ್ಷ. ಮಾತಾಡಿಸಿಕೊಂಡು ಬರೋಣ ಅಂತ ಹಟ್ಟಿಗೆ ಹೋಗಿದ್ದೆ. ನಾರಾಯಣಮ್ಮ ಒಳಗೆ ಕೂರಿಸಿ ಟೀ ಕೊಟ್ಟರು. ಗೋಡೆಯಲ್ಲಿ ಬಾಬಾಸಾಹೇಬರ ಫೋಟೋ, ಬುದ್ಧನ ಫೋಟೋ. ಮಗಳು ರತ್ನ ಆಗ ಬಿ.ಎಡ್. ಓದುತ್ತಿದ್ದಳು, ಅವಳು ಹಾಕಿದ್ದು. ಕೆಳಗೆ ಗೂಡಿನಲ್ಲಿ ಅರಿಶಿನ ಮೆತ್ತಿದ ಅಂಗೈ ಅಗಲದ ಒಂದು ಕಲ್ಲು ಚೂರು. ಏನಮ್ಮಾ ಇದು ಅಂದೆ.

‘ಇದಿ ಮಾ ಮಾರಕ್ಕ,’ ಅಂದರು ತೆಲುಗಿನಲ್ಲಿ. ಆಮೇಲೆ ಕನ್ನಡಕ್ಕೆ ಬಂದರು. ‘ಬ್ಯಾಸಿಗೇಲಿ ಜೊಂಡು ಕುಯ್ಯಕ್ಕೆ ಹೋದಾಗ ಸಿಕ್ತಮ್ಮಾ. ನೀವು ಮೈ ತಗೊಂಡು ಹೋದ್ರಿ, ಮೂಗು ನಮಗೆ ಬಿಟ್ಟೋಗಿದ್ರಿ.’

ಸೆರಗಿನಿಂದ ಅರಿಶಿನ ಒರೆಸಿದೆ. ಕಲ್ಲಿನ ಮೇಲೆ ಒಂದೇ ಅಕ್ಷರ. ‘ಕ್ಕ’. ಅಷ್ಟು ಸ್ಪಷ್ಟವಾಗಿ ಕೊರೆದ ಒತ್ತಕ್ಷರವನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಅದನ್ನು ಬಟ್ಟೆಯಲ್ಲಿ ಸುತ್ತಿ ಮ್ಯೂಸಿಯಮ್ಮಿಗೆ ಒಯ್ದು ಕಲ್ಲಿಗೆ ಹಿಡಿದರೆ ಬೀಗಕ್ಕೆ ಬೀಗದಕೈ ಕೂತ ಹಾಗೆ ಕೂತಿತು. ನಾರಾಯಣಮ್ಮ ಪಕ್ಕದಲ್ಲೇ ನಿಂತಿದ್ದರು. ನಾನು ಅತ್ತೆ. ಅವರು ಅಳಲಿಲ್ಲ. ಇನ್ನು ಬೋರ್ಡು ಬದಲಾಯಿಸ್ತಾರಾ ಅಂತ ಕೇಳಿದರು. ಬದಲಾಯಿಸಲೇಬೇಕು, ಇನ್ನು ಯಾರೂ ಏನೂ ಹೇಳೋ ಹಾಗಿಲ್ಲ ಅಂದೆ. ಹಾಗಾದರೆ ಇಟ್ಟುಕೋ, ಆಮೇಲೆ ಕೊಡು ಅಂದು ಬರಿಗೈಯಲ್ಲಿ ಹೊರಟರು. ಅವರ ಮನೆಯ ಗೂಡು ಖಾಲಿಯಾದದ್ದು ನನಗೆ ಆ ಹೊತ್ತಿಗೆ ಹೊಳೆಯಲೂ ಇಲ್ಲ, ಅಷ್ಟು ಸಂತೋಷದಲ್ಲಿದ್ದೆ.

ಹೊಸಬರೇ, ಇಲ್ಲಿ ಸ್ವಲ್ಪ ನಿಂತು ಓದಿ. ನಾನು ಆ ಚಕ್ಕೆಯ ಒಂದು ಅಚ್ಚು ತೆಗೆದೆ, ಒಂದೇ ಒಂದು. ಫೋಟೋ ತೆಗೆಸಲಿಲ್ಲ, ನಾಲ್ಕು ಜನರನ್ನು ಕರೆದು ತೋರಿಸಲಿಲ್ಲ. ರಿಪೋರ್ಟು ಬರೆದೆ. ಬೆಂಗಳೂರಿನ ಮೇಲಿನ ಆಫೀಸಿನವರು ತಜ್ಞರ ಅಭಿಪ್ರಾಯಕ್ಕೆ ಚಕ್ಕೆಯನ್ನೇ ಕಳಿಸಿ ಅಂದರು. ಹತ್ತಿಯಲ್ಲಿ ಸುತ್ತಿ, ಮರದ ಪೆಟ್ಟಿಗೆಯಲ್ಲಿಟ್ಟು, ಕೈಯಾರೆ ಮೊಳೆ ಹೊಡೆದು ಕಳಿಸಿದೆ. ತಲುಪಿದೆ ಅಂತ ಒಂದು ಸಾಲಿನ ಪತ್ರ ಬಂತು. ಆಮೇಲೆ ಏನೂ ಬರಲಿಲ್ಲ. ರಿಮೈಂಡರ್ ಬರೆದೆ, ಖುದ್ದಾಗಿ ಹೋದೆ, ಬೆಂಚಿನ ಮೇಲೆ ಸಂಜೆಯವರೆಗೆ ಕೂತೆ. ಒಬ್ಬ ಗುಮಾಸ್ತ ಕಡೆಗೆ ಕನಿಕರದಿಂದ ಹೇಳಿದ, ಮೇಡಂ, ಆಫೀಸ್ ಶಿಫ್ಟ್ ಆಯ್ತಲ್ಲ, ಕಲ್ಲು ಗಿಲ್ಲು ಯಾರು ಹೊರ್ತಾರೆ.

ಅಚ್ಚು ಹಿಡಿದುಕೊಂಡು ಕಮಿಟಿಯ ಮುಂದೆ ಹೋದೆ. ಅಧ್ಯಕ್ಷರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಕಾಗದದ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು ಮೇಡಂ, ಜನರ ಭಾವನೆ ಅಂತ ಒಂದಿದೆ ಅಂದರು. ನಾರಾಯಣಮ್ಮನ ಭಾವನೆ ಅಂದೆ. ಯಾರು ನಾರಾಯಣಮ್ಮ ಅಂದರು. ನಿಮ್ಮ ಗದ್ದೆಗೆ ಮೂವತ್ತು ವರ್ಷ ನೀರು ಬಿಟ್ಟವರ ಹೆಂಡತಿ ಅಂದೆ. ಅವರಿಗೆ ನಿಜವಾಗಿಯೂ ನೆನಪಾಗಲಿಲ್ಲ. ನನಗೆ ಇವತ್ತಿಗೂ ರಕ್ತ ಕುದಿಯುವುದು ಆ ನೆನಪಾಗದ ಮುಖ ನೆನೆದಾಗಲೇ. ಅದೇ ವರ್ಷ ಕಲ್ಲಿಗೆ ಗಾಜಿನ ಪೆಟ್ಟಿಗೆ ಹಾಕಿಸಿದರು, ಮುಟ್ಟಬಾರದು, ಕುಂಕುಮ ಹಚ್ಚಬಾರದು, ಪುರಾತನ ವಸ್ತು ಅಂತ ಬೋರ್ಡು ತೂಗಿಸಿದರು. ಹೊರಗೆ ಪ್ರತಿಮೆಯ ಕೊರಳಲ್ಲಿ ಆಳೆತ್ತರದ ಹಾರ.

ತೂಬು ತೆಗೆಯುವ ದಿನ ನಾರಾಯಣಮ್ಮ ಮಾಮೂಲಿನಂತೆ ಅರಿಶಿನ ಕುಂಕುಮದ ತಟ್ಟೆ ತಂದರು. ಗಾಜಿನ ಹೊರಗೆ ಇಟ್ಟರು. ಬೋರ್ಡಿನ ಕಡೆ ನೋಡಿ, ‘ಬದಲಾಯಿಸಿದ್ರಾ? ಓದು ನೂರಮ್ಮಾ,’ ಅಂದರು.

ಇಲ್ಲ ಅನ್ನುವುದು ಒಂದೇ ಮಾತು. ಚಕ್ಕೆ ಕಳೆದುಹೋಯಿತು ಅನ್ನುವುದು ಎರಡು ಮಾತು. ನನ್ನಿಂದ ಎರಡೂ ಆಗಲಿಲ್ಲ. ಬೋರ್ಡು ನೋಡುತ್ತಾ ಓದಿದೆ: ‘ಮಾರಕ್ಕ ಎಂಬುವಳು ಈ ಕೆರೆಯನ್ನು ಕಟ್ಟಿಸಿ, ತೂಬನ್ನು ಇರಿಸಿ, ಊರನ್ನು ಮಾಡಿದಳು.’ ಅವರು ಇನ್ನೊಂದು ಸಲ ಓದಿಸಿದರು. ಚೂರು ಕೇಳಿದರು. ಅದು ಬೆಂಗಳೂರಿನಲ್ಲಿ ಭದ್ರವಾಗಿದೆ ಅಂದೆ. ಮುಂದಿನ ವರ್ಷವೂ ಬಂದರು, ಓದಿದೆ. ಅದರ ಮುಂದಿನ ವರ್ಷವೂ ಓದಿದೆ. ನಾಲ್ಕು ವರ್ಷ ಓದಿ ನಾನು ರಿಟೈರ್ ಆದೆ.

ಈಗ ಎಲ್ಲಾ ಬದಲಾಗಿದೆ. ಹೋದ ವರ್ಷ ಹೊಸ ಗ್ಯಾಲರಿ ಮಾಡಿದಾಗ ಬೆಂಗಳೂರಿನಿಂದ ಹುಡುಗರು ಸ್ಕ್ಯಾನರ್ ತಂದು ಕಲ್ಲಿನ ಒಂದೊಂದು ಗೀರನ್ನೂ ಕಂಪ್ಯೂಟರಿಗೆ ಹಾಕಿದರು. ಸ್ಕಂದಗಿರಿ ಹತ್ತಿಳಿದು ಬರುವ ಜನ ಈಗ ಟಾಯ್ಲೆಟ್ ಹುಡುಕಿಕೊಂಡು ಒಳಗೆ ಬಂದರೂ ಸ್ಕ್ರೀನ್ ಮುಂದೆ ನಿಂತು ಕಲ್ಲನ್ನು ಬೆರಳಲ್ಲಿ ತಿರುಗಿಸುತ್ತಾರೆ. ಅದರಲ್ಲಿ ‘ಮಾರ’ದ ಮುಂದೆ ಮುರಿದ ಜಾಗ ಮುರಿದ ಹಾಗೇ ಇದೆ, ಗೌಡ ಇಲ್ಲ. ಯಂತ್ರಕ್ಕೆ ಸಾರ್ ಅನ್ನಬೇಕಾದವರು ಯಾರೂ ಇರಲಿಲ್ಲವಲ್ಲ. ಆದರೆ ಪಕ್ಕದ ಪ್ಯಾನೆಲ್ಲಿನಲ್ಲಿ ಮಾರಗೌಡ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಯಾರೋ ಹಳೇ ಬೋರ್ಡು ನೋಡಿ ಟೈಪು ಮಾಡಿದ್ದಾರೆ.

ಆ ಪ್ಯಾನೆಲ್ಲನ್ನು ರತ್ನ ಓದಿದಳು. ಅವಳು ಈಗ ಗೌರಿಬಿದನೂರಿನ ಕಡೆ ಹೈಸ್ಕೂಲು ಟೀಚರು, ತೊಂಡೇಬಾವಿಯಲ್ಲಿ ಮನೆ. ತಾಯಿಯನ್ನು ತನ್ನ ಜೊತೆ ಇರಿಸಿಕೊಂಡಿದ್ದಳು. ನೂರಮ್ಮ ಬೋರ್ಡಿನಲ್ಲಿ ಮಾರಕ್ಕನ ಹೆಸರು ಓದಿದಳು ಅಂತ ತಾಯಿ ಹಿಂದೆ ಹೇಳಿದ್ದನ್ನು ನಂಬಿ, ಸ್ಕೂಲಿನ ಮಕ್ಕಳನ್ನು ಕರೆದುಕೊಂಡು ಹೋಗಿ ಅವರ ಮುಂದೆ ಓದಲು ನಿಂತಿದ್ದಳು.

ಮುಂದಿನ ಭಾನುವಾರ ಇಬ್ಬರೂ ಶಿಡ್ಲಘಟ್ಟದ ನಮ್ಮ ಮನೆಗೆ ಬಂದರು. ನಾರಾಯಣಮ್ಮ ಬಹಳ ಇಳಿದುಹೋಗಿದ್ದರು, ಜಗಲಿಯ ಮೇಲೆ ಕೂತರು. ರತ್ನ ಕೂರಲಿಲ್ಲ.

‘ನಮ್ಮಮ್ಮನಿಗೆ ಓದಕ್ಕೆ ಬರಲ್ಲ ಅಂತ ತಾನೇ ಮೇಡಂ?’ ಅಂದಳು.

ಹೌದು ಅಂದೆ. ಬೇರೆ ಏನು ಹೇಳಿದರೂ ಇನ್ನೊಂದು ಸುಳ್ಳಾಗುತ್ತಿತ್ತು. ಚೂರು ಕಳೆದುಹೋದದ್ದು, ಕಮಿಟಿಯ ಮಾತು, ಬೆಂಚಿನ ಮೇಲೆ ಕೂತದ್ದು ಎಲ್ಲಾ ಹೇಳಿದೆ. ಹೇಳುತ್ತಾ ಹೋದಂತೆ ಅದೆಲ್ಲಾ ನನಗೇ ರಜಾ ಅರ್ಜಿಯ ಕಾರಣಗಳ ಹಾಗೆ ಕೇಳಿಸಿತು. ನಾರಾಯಣಮ್ಮ ಮಗಳ ಸೆರಗು ಹಿಡಿದು ಎಳೆದರು.

‘ಬಿಡೇ. ನಂಗೆ ಮೊದಲ್ನೇ ವರ್ಷನೇ ಗೊತ್ತಾಯ್ತು.’

ಹೇಗಮ್ಮಾ ಅಂದೆ.

‘ಗೌಡ ಅನ್ನೋ ಅಕ್ಷರ ಹೆಬ್ಬಾಗಿಲ ಮೇಲಿದೆ, ಬಸ್ ಸ್ಟ್ಯಾಂಡಲ್ಲಿದೆ, ಕುದುರೆ ಕೆಳಗಿದೆ. ಓದಕ್ಕೆ ಬರ್ದಿದ್ರೆ ಗುರ್ತೂ ಸಿಗಲ್ವಾ? ಅದೇ ಅಕ್ಷರ ಗಾಜಿನ ಪಕ್ಕನೂ ಇತ್ತು.’

ಹಾಗಾದರೆ ನಾಲ್ಕು ವರ್ಷ ಯಾಕಮ್ಮಾ ನನ್ನ ಕೈಲಿ ಓದಿಸಿದಿರಿ ಅಂತ ಕೇಳಿದೆ. ಕೇಳಬಾರದಿತ್ತು.

‘ಒಂದು ವರ್ಷನಾದ್ರೂ ಇದ್ದಿದ್ದು ಇದ್ದಂಗೆ ಓದ್ತೀಯೇನೋ ಅಂತ.’

ಟೀ ಇಟ್ಟಿದ್ದೆ, ಇಬ್ಬರೂ ಮುಟ್ಟಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಹಿಂದೆ ಹಿಂದೆ ನಡೆದುಕೊಂಡು ಹೋದೆ. ಚಕ್ಕೆಯ ಅಚ್ಚನ್ನು ನಾನು ಮನೆಯಲ್ಲೇ ಇಟ್ಟುಕೊಂಡಿದ್ದೆ. ಮನೆಯಿಂದ ಹೊರಡುವ ಮುಂಚೆಯೇ ಸುರುಳಿ ಸುತ್ತಿ ರತ್ನಳ ಕೈಗೆ ಕೊಟ್ಟಿದ್ದೆ. ಅವಳು ತೆಗೆದುಕೊಂಡಳು, ಥ್ಯಾಂಕ್ಸ್ ಅನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಚಿಕ್ಕಬಳ್ಳಾಪುರದ ಬಸ್ಸು ನಿಂತಿತ್ತು. ರತ್ನ ತಾಯಿಯನ್ನು ಹತ್ತಿಸಿದಳು. ಮೆಟ್ಟಿಲ ಮೇಲೆ ನಾರಾಯಣಮ್ಮ ಕಂಬಿ ಹಿಡಿದು ಒಂದು ಗಳಿಗೆ ನಿಂತು ನನ್ನ ಕಡೆ ತಿರುಗಿದರು.

‘ಬರ್ತೀವಿ ಮೇಡಂ,’ ಅಂದರು.

ಮಳೆಗಾಲಕ್ಕೆ ಮುಂಚೆ ಅವರು ತೀರಿಕೊಂಡರಂತೆ. ನನಗೆ ಹೇಳಿಕಳಿಸಿದವರು ಯಾರೂ ಇಲ್ಲ.